ಬೆಟ್ಟ ಕಾಣುತ್ತಾ, ಪುಟ್ಟಿ

ಅವರ ಕಣ್ಣಂಚಿನ ಸುಕ್ಕುಗಳು ಒಳಗಡೆ ಬೆಳ್ಳಗಿದ್ದವು. ಮುಖವೆಲ್ಲ ಬಿಸಿಲಲ್ಲಿ ಬೆಂದು ಸೀದ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಆದರೆ ಮೂವತ್ತು ಮೂವತ್ತೈದು ವರ್ಷ ಆಕಾಶದ ಕಡೆ ಕಣ್ಣು ಕಿರಿದು ಮಾಡಿಕೊಂಡೇ ಬದುಕಿದ ಮನುಷ್ಯನಾದ್ದರಿಂದ ಆ ಮಡಿಕೆಗಳ ಒಳಕ್ಕೆ ಬಿಸಿಲು ಇಳಿದೇ ಇರಲಿಲ್ಲ. ಮಾತಾಡುವಾಗ, ನಗುವಾಗ ಅದು ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸಿದಾಗ ಮುಖ ಸಡಿಲವಾಗಿ, ಎರಡೂ ಕಡೆ ಮೂರು ಮೂರು ಬಿಳಿ ಗೆರೆ ತೆರೆದುಕೊಳ್ಳುತ್ತಿದ್ದವು, ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ ಎಳೆದ ಹಾಗೆ. ನನ್ನ ಮೊಮ್ಮಗಳು ಚಿಕ್ಕವಳಿದ್ದಾಗ ಅದನ್ನು ನೋಡಿ ಬಂದು, “ಅಜ್ಜಿ, ಮೇಲ್ಗಡೆ ತಾತ ಮಲಗಿದ್ರೆ ಬೆಕ್ಕಿನ ಮೀಸೆ ಬರುತ್ತೆ” ಅಂದಿದ್ದಳು.

ಅವರು ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ನಮ್ಮದು ಮಲ್ಲತ್ತಹಳ್ಳಿ. ಕೆರೆ ಕೆಳಗಿನ ಗದ್ದೆ, ಮೇಲಿನ ರಾಗಿ ಹೊಲ ಎಲ್ಲ ಲೇಔಟಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ನನ್ನ ಮಗ ಮನೆ ಕಟ್ಟಿಸಿ, ಮೇಲೊಂದು ರೂಮು, ಅಡುಗೆಮನೆ ಎಬ್ಬಿಸಿದ್ದ. ಅಲ್ಲಿಗೆ ಬಂದವರು ಇವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಉತ್ತರದ ಕಡೆ ಒಂದು ಸಣ್ಣ ಊರಿನ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿ ರಿಟೈರಾಗಿದ್ದರು. ದಿನಕ್ಕೆ ಎರಡೇ ವಿಮಾನ ಬರುವ ನಿಲ್ದಾಣವಂತೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ಜೋರು, ಮೋಡ ಎಷ್ಟು ಎತ್ತರದಲ್ಲಿದೆ, ಎಷ್ಟು ದೂರದವರೆಗೆ ಕಣ್ಣಿಗೆ ಕಾಣುತ್ತಿದೆ, ಇದನ್ನೆಲ್ಲ ನೋಡಿ ಬರೆದು ಟವರಿಗೆ ಕೊಡುವುದು ಇವರ ಕೆಲಸ. ಟವರಿನವರು ಅದನ್ನು ಇಳಿಯಲು ಬರುತ್ತಿರುವ ಪೈಲಟ್ಟಿಗೆ ಹೇಳುತ್ತಾರೆ. ಬೀದಿಯವರು ಇವರನ್ನು ಹವಾಮಾನದ ಸಾರ್ ಅನ್ನುತ್ತಿದ್ದರು. ನನಗೆ ಬರೀ ಸಾರ್. ಮೊಮ್ಮಗಳಿಗೆ ಮೇಲ್ಗಡೆ ತಾತ.

ಹೋದ ವಾರ ಆ ಮೊಮ್ಮಗಳೇ ಫೋನ್ ಮಾಡಿದ್ದಳು. ಈಗ ಅವಳಿಗೆ ಇಪ್ಪತ್ತನಾಲ್ಕು. ಅವಳೂ ಒಂದು ಸಣ್ಣ ವಿಮಾನ ನಿಲ್ದಾಣಕ್ಕೆ ಅದೇ ಕೆಲಸಕ್ಕೆ ಸೇರಿದ್ದಾಳೆ.

“ಅಜ್ಜಿ, ಇವತ್ತು ಫಸ್ಟ್ ಟೈಮ್ ನಾನೊಬ್ಬಳೇ ಡ್ಯೂಟಿ. ನಾನು ಕೊಟ್ಟಿದ್ದು ಕೇಳ್ಕೊಂಡು ಬೆಳಗಿನ ವಿಮಾನ ಇಳೀತು.”

“ಗಾಳಿ ಎಲ್ಲಿಂದ ಇತ್ತೇ?” ಅಂದೆ.

“ಪಶ್ಚಿಮದಿಂದ.”

“ನೋಡಿ ಬರೆದ್ಯಾ?”

“ಅಜ್ಜಿ” ಅಂದಳು. ಅಳುತ್ತಿದ್ದಳು ಅಂತ ಗೊತ್ತಾಯಿತು. ನಾನೂ ಅತ್ತೆ. ಆಮೇಲೆ ಮಗನನ್ನು ಓಡಿಸಿ ಮೈಸೂರು ಪಾಕ್ ತರಿಸಿ ಬೀದಿಗೆಲ್ಲ ಹಂಚಿದೆ. ಇಸ್ತ್ರಿಯವನಿಗೆ, ಹಾಲಿನವನಿಗೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಅವರಿಗೆ ಅರ್ಥವಾಯಿತೋ ಬಿಟ್ಟಿತೋ, ಬಾಯಿ ತುಂಬ ಹೇಳಿದೆ. ಹಾಗೇ ಸಂಭ್ರಮದಲ್ಲಿ ಒಂದು ಡಬ್ಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಮಹಡಿಯ ಬಾಗಿಲು ತಟ್ಟಿಬಿಟ್ಟೆ. ಹೊಸದಾಗಿ ಬಾಡಿಗೆಗೆ ಬಂದ ಹೆಣ್ಣುಮಗಳು ಬಾಗಿಲು ತೆಗೆದು, “ಏನಾಂಟಿ?” ಅಂದಳು. ಅವಳ ಕೈಗೆ ಡಬ್ಬಿ ಕೊಟ್ಟು ಇಳಿದು ಬಂದೆ. ಅವತ್ತಿನಿಂದ ಕೂತು ಇದನ್ನು ಬರೆಯುತ್ತಿದ್ದೇನೆ.

ಸಾರ್ ನಮ್ಮ ಮನೆಗೆ ಬಂದ ವಾರದಲ್ಲೇ ಟೆರೇಸಿಗೆ ಹತ್ತಿ ಸುತ್ತಲೂ ನೋಡಿದರು. ಮೋಟು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ನಾಲ್ಕು ಬಾಣ ಬರೆದರು. ಒಂದು ಕೆರೆ ಏರಿಯ ಬೇವಿನ ಮರಕ್ಕೆ, ಒಂದು ನೀರಿನ ಟ್ಯಾಂಕಿಗೆ, ಒಂದು ಜ್ಞಾನಭಾರತಿಯ ನೀಲಗಿರಿ ತೋಪಿಗೆ, ಕೊನೆಯದು ಬ್ಯಾಡರಹಳ್ಳಿಯ ಆಚೆ ಮಾಗಡಿ ರಸ್ತೆಯ ಕಡೆ ಕಾಣುವ ಬೋಳು ಬೆಟ್ಟಕ್ಕೆ. ಆಮೇಲೆ ಸ್ಕೂಟರ್ ತೆಗೆದು ಒಂದೊಂದರ ಹತ್ತಿರವೂ ಹೋಗಿ ಮೀಟರ್ ನೋಡಿಕೊಂಡು ದೂರ ಬರೆದುಕೊಂಡರು. ಹಿಂದಿನ ಸೀಟಿನಲ್ಲಿ ನೋಟ್‌ಬುಕ್ ಹಿಡಿದು ನನ್ನ ಮೊಮ್ಮಗಳು. ಆಗ ಅವಳಿಗೆ ಹತ್ತು ವರ್ಷ.

ಟ್ಯಾಂಕಿನ ಹತ್ತಿರ ಒಬ್ಬರು ಅಡ್ಡ ನಿಂತರಂತೆ. “ಏನ್ ಸಾರ್ ಅಳೀತಾ ಇದೀರ? ರೋಡ್ ವೈಡನಿಂಗಾ?”

“ಇಲ್ಲಪ್ಪ, ಮಂಜು ಅಳೆಯೋಕೆ.”

“ಮಂಜನ್ನ ಅಳೆದು ಯಾರಿಗ್ ಸಾರ್ ಸೈಟ್ ಮಾಡಿ ಮಾರ್ತೀರ?”

ನಮ್ಮ ಕಡೆ ಯಾರಾದರೂ ಅಳೆಯುತ್ತಿದ್ದಾರೆ ಅಂದರೆ ಯಾರದೋ ಹೊಲ ಹೋಯಿತು ಅಂತಲೇ ಲೆಕ್ಕ. ಆ ಮಾತು ವರ್ಷಗಟ್ಟಲೆ ಬೀದಿಯಲ್ಲಿ ಓಡಾಡಿತು. ಇವರೂ ಅದನ್ನು ಹೇಳಿಕೊಂಡು ನಗುತ್ತಿದ್ದರು. ಆದರೆ ಅಳತೆ ಸುಳ್ಳಲ್ಲ. ಬೇವಿನ ಮರ ಕಂಡು ಟ್ಯಾಂಕು ಕಾಣದಿದ್ದರೆ ನೋಟ ಇಷ್ಟು ದೂರ, ತೋಪು ಕಂಡು ಬೆಟ್ಟ ಕಾಣದಿದ್ದರೆ ಇಷ್ಟು ದೂರ ಅಂತ ಬರೆಯುವುದು. ವಿಮಾನ ನಿಲ್ದಾಣದಲ್ಲೂ ಹಾಗೇ ಒಂದು ಗೋಪುರ, ಒಂದು ಕಾರ್ಖಾನೆಯ ಚಿಮಣಿ, ಒಂದು ಗುಡ್ಡ ಗುರುತಿಗೆ ಇದ್ದವಂತೆ. ಕೆಲಸ ಬಿಟ್ಟರೂ ಕೈ ಬಿಟ್ಟಿರಲಿಲ್ಲ. ಬೆಳಿಗ್ಗೆ ಏಳೂವರೆಗೆ, ಸಂಜೆ ಐದೂವರೆಗೆ ಟೆರೇಸಿನಲ್ಲಿ ನಿಂತು ನೋಡಿ ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಓದುವವರು ಯಾರೂ ಇರಲಿಲ್ಲ. ಆದರೂ ಒಂದು ದಿನ ತಪ್ಪಿಸಿದವರಲ್ಲ.

ಬೀದಿಯ ಹೆಂಗಸರಿಗೆ ಇವರು ಸಿಕ್ಕಿದ್ದು ಅನುಕೂಲವೇ ಆಯಿತು. ಸಂಡಿಗೆ ಹಾಕುವ ದಿನ ಬಂದು ಕೇಳುವರು. “ಸಾರ್, ನಾಳೆ ಮಳೆ ಬರುತ್ತಾ?” ಇವರು ಕೈ ಮುಗಿದು, “ನಾಳೆದು ನಂಗೊತ್ತಿಲ್ಲಮ್ಮ, ಅದಕ್ಕೆ ಬೇರೆ ಆಫೀಸಿದೆ. ನಾನು ಈಗ ಇರೋದು ಹೇಳೋನು. ಈಗ ಪಶ್ಚಿಮಕ್ಕೆ ಮೋಡ ಎದ್ದಿದೆ. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು” ಅನ್ನುವರು. ಹೆಂಗಸರು ಅಷ್ಟಕ್ಕೇ ಸಂಡಿಗೆ ಎತ್ತಿಬಿಡುವರು.

ಅವರ ಬಾಯಲ್ಲಿ ಒಂದು ಮಾತಿತ್ತು. ಯಾರು ಏನು ಹೇಳಿದರೂ, “ಅನ್ನಿಸ್ತಾ, ಕಾಣ್ತಾ?” ಅನ್ನುವರು. ಮೊಮ್ಮಗಳು ಓಡಿ ಬಂದು ಮಳೆ ಬರೋ ಹಾಗಿದೆ ತಾತ ಅಂದರೆ, “ಅನ್ನಿಸ್ತಾ, ಕಾಣ್ತಾ?” ಅವಳು ವಾಪಸು ಓಡಿ ಹೋಗಿ ನೋಡಿ ಬರಬೇಕು. ಒಂದು ದಿನ ನಾನೇ ಬಟ್ಟೆ ಹರವುತ್ತ, “ಸೊಸೆಗೆ ನನ್ನ ಮೇಲೆ ಸಿಟ್ಟು ಬಂದಿದೆ ಸಾರ್” ಅಂದೆ. “ಅನ್ನಿಸ್ತಾ ಅಮ್ಮ, ಕಾಣ್ತಾ?” ಅಂದರು. ಯೋಚನೆ ಮಾಡಿದೆ, ಅನ್ನಿಸಿದ್ದೇ. ಕೆಳಗೆ ಹೋಗಿ ಕೇಳಿದರೆ ಪಾಪ ಅವಳಿಗೆ ಹಲ್ಲುನೋವು.

ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿದ್ದು. ಆದರೂ ಅವರು ನನಗೆ ಹೇಳಿಕೊಡುವಾಗ ಎಂದೂ ಅದನ್ನು ನೆನಪಿಸಲಿಲ್ಲ. ಒಂದೇ ರನ್‌ವೇಗೆ ಎರಡು ಹೆಸರು ಇರುತ್ತದೆ ಅಂದಾಗ ನಾನು ನಕ್ಕಿದ್ದೆ. “ಒಂದೇ ದಾರಿಗೆ ಎರಡು ಹೆಸರು ಯಾಕ್ ಸಾರ್?”

“ಎರಡು ತುದಿ ಇದೆಯಲ್ಲ ಅಮ್ಮ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳೀಬೇಕು. ಗಾಳಿ ಈ ಕಡೆಯಿಂದ ಬಂದ್ರೆ ಒಂದು ತುದಿ, ಆ ಕಡೆಯಿಂದ ಬಂದ್ರೆ ಇನ್ನೊಂದು ತುದಿ. ನಿಮ್ಮ ಕೆರೇಲಿ ಕೊಕ್ಕರೆ ಇಳಿಯೋದು ನೋಡಿ.”

ಆ ಕೆರೆಯ ಏರಿಯ ಮೇಲೆ ಹುಟ್ಟಿ ಬೆಳೆದು ಮುದುಕಿಯಾದವಳು ನಾನು. ಅವತ್ತು ಸಂಜೆ ಮೊದಲ ಸಲ ನೋಡಿದೆ. ಒಂದೊಂದು ಕೊಕ್ಕರೆಯೂ ಸುತ್ತು ಹೊಡೆದು ಗಾಳಿಗೆ ಮುಖ ಮಾಡಿಯೇ ಇಳಿಯುತ್ತಿತ್ತು. ನಾನೂ ಸುಮ್ಮನಿರದೆ ಹೇಳಿದೆ, ಕಣದಲ್ಲಿ ರಾಗಿ ತೂರುವಾಗ ನಾವು ಒಂದು ಹಿಡಿ ಹೊಟ್ಟು ಬಿಟ್ಟು ನೋಡಿ ನಿಲ್ಲುವ ಜಾಗ ಗೊತ್ತು ಮಾಡುತ್ತಿದ್ದೆವು, ಗಾಳಿ ತಿರುಗಿದರೆ ಮೊರ ಹಿಡಿದು ಇಡೀ ಸಾಲು ತಿರುಗುತ್ತಿತ್ತು ಅಂತ. ಅವರು ಎದ್ದು ನಿಂತೇಬಿಟ್ಟರು. “ಹಾಗಾದ್ರೆ ನೀವು ನನಗಿಂತ ಸೀನಿಯರ್” ಅಂದರು. ತಮಾಷೆಗಲ್ಲ.

ಆ “ಅನ್ನಿಸ್ತಾ, ಕಾಣ್ತಾ?” ಅನ್ನುವ ಮಾತನ್ನು ಅವರು ಎಲ್ಲಿಂದ ಹಿಡಿದರು ಅನ್ನುವುದು ಒಂದು ಮಳೆಯ ಸಂಜೆ ಗೊತ್ತಾಯಿತು. ಕರೆಂಟು ಹೋಗಿತ್ತು. ಮೂವರೂ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದೆವು. ಮೊಮ್ಮಗಳು ಕೇಳಿದಳು, “ತಾತ, ನೀವು ಯಾವತ್ತಾದ್ರೂ ತಪ್ಪು ಬರೆದಿದೀರಾ?”

“ಒಂದೇ ಸಲ.”

ಅವರಿಗಾಗ ಚಿಕ್ಕ ವಯಸ್ಸು. ಮಧ್ಯಾಹ್ನದ ವಿಮಾನ ಬರುವ ಹೊತ್ತಿಗೆ ಮಳೆ ಶುರುವಾಗಿದೆ. ಆಗತಾನೇ ಟೀ ಬಂದಿದೆ. ಹೊರಗೆ ಹೋಗಿ, ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡಬೇಕು, ಹೋಗಲಿಲ್ಲ. ಅರ್ಧ ಗಂಟೆ ಹಿಂದೆ ನೋಡಿದ್ದ ಗಾಳಿಯನ್ನೇ ಮತ್ತೆ ಬರೆದು ಕೊಟ್ಟರು. ಆ ಅರ್ಧ ಗಂಟೆಯಲ್ಲಿ ಗಾಳಿ ತಿರುಗಿತ್ತು. ವಿಮಾನ ಬೆನ್ನಿಗೆ ಗಾಳಿ ಹೊತ್ತು ಇಳಿದು, ನಿಲ್ಲಲಾರದೆ ರನ್‌ವೇ ದಾಟಿ ಕೆಸರಿಗೆ ಹೋಯಿತು. ಯಾರೂ ಸಾಯಲಿಲ್ಲ. ಒಬ್ಬ ಹೆಂಗಸಿನ ಕೈ ಮುರಿಯಿತು.

“ಮಳೆ, ನೀರು ನಿಂತಿತ್ತು ಅಂತ ಎಲ್ಲರೂ ಅಂದ್ರು. ನನ್ನನ್ನ ಯಾರೂ ಕೇಳ್ಲಿಲ್ಲ. ಮಾರನೇ ದಿನ ನಾನೇ ಹೋಗಿ ಹೇಳ್ದೆ, ನೋಡದೆ ಬರೆದೆ ಅಂತ. ಬಡ್ತಿ ನಿಂತೋಯ್ತು. ನಿಲ್ಲಲಿ. ಹತ್ತು ಹೆಜ್ಜೆ ಪುಟ್ಟಿ. ಹೊರಗೆ ಹೋಗಿ ನೋಡೋಕೆ ಹತ್ತು ಹೆಜ್ಜೆ ಸಾಕಿತ್ತು.” ಮತ್ತೆ ಹೇಳಿದರು, “ತಪ್ಪು ವರದಿ ಹೋದ್ರೆ ಮುಚ್ಚಿಡಬಾರದು. ತಿದ್ದಿದ ವರದಿ ಅಂತ ಹೆಸರು ಹಾಕಿ ಇನ್ನೊಂದು ಕಳಿಸ್ಬೇಕು. ನಮ್ಮ ಕೆಲಸದಲ್ಲಿ ಅದಕ್ಕೆ ಜಾಗ ಇದೆ.”

ಮೊಮ್ಮಗಳಿಗೂ ಒಂದು ಪುಸ್ತಕ ತಂದುಕೊಟ್ಟಿದ್ದರು. “ಇಬ್ಬರೂ ನೋಡ್ಬೇಕು, ಬೇರೆ ಬೇರೆ ಬರೀಬೇಕು. ನನ್ನದನ್ನ ನಕಲು ಮಾಡಿದ್ರೆ ನೀನು ಇದ್ದೂ ಇಲ್ಲದ ಹಾಗೆ” ಅನ್ನುವರು. ಬರೆದಾದ ಮೇಲೆ ಅವರು ತಮ್ಮದನ್ನು ಗಟ್ಟಿಯಾಗಿ ಓದಿ, “ನಿಂದು?” ಅನ್ನುವರು. ಅವಳು “ಅದೇ ತಾತ” ಅನ್ನಬೇಕು, ಇಲ್ಲವೇ “ಬೇರೆ ತಾತ” ಅನ್ನಬೇಕು. ಬೇರೆ ಅಂದ ದಿನ ಇಬ್ಬರೂ ಜಗಳವಾಡುವುದು ಕೆಳಗಿನ ಅಡುಗೆಮನೆಗೆ ಕೇಳಿಸುತ್ತಿತ್ತು.

ಈಗ ಹೇಳಬೇಕಾದ್ದಕ್ಕೆ ಬಂದೆ.

ಅವಳಿಗೆ ಹನ್ನೆರಡು ನಡೆಯುತ್ತಿದ್ದ ವರ್ಷ. ಸಂಕ್ರಾಂತಿಯ ಹೊತ್ತಿಗೆ ಕೆರೆಯ ಮೇಲೆ ಮಂಜು ದಟ್ಟವಾಗಿತ್ತು. ಇಬ್ಬರ ಪುಸ್ತಕದಲ್ಲೂ ದಿನಾ ಮಂಜು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಯಿತು, ಮಂಜೂ ಹೋಯಿತು. ಆದರೆ ಅವರ ಪುಸ್ತಕದಲ್ಲಿ ಹೋಗಲಿಲ್ಲ. ಅವಳು ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದು ನಿಂತಳು.

“ಅಜ್ಜಿ, ತಾತ ಇವತ್ತೂ ಬೆಟ್ಟ ಕಾಣಲ್ಲ, ಮಂಜು ಅಂತ ಬರೆದ್ರು. ಬೆಟ್ಟ ಚೆನ್ನಾಗ್ ಕಾಣ್ತಿದೆ. ನಿನ್ನೆ ಸಂಜೆ ಬೀದಿ ದೀಪದ ಸುತ್ತ ಬಳೆ ಕಾಣುತ್ತೆ ಅಂದ್ರು. ಬಳೆ ಇಲ್ಲ ಅಜ್ಜಿ. ನಾನು ಹೇಳ್ಲಾ?”

ನನಗೆ ನನ್ನ ಅತ್ತೆ ನೆನಪಾದರು. ಅವರಿಗೂ ಹೀಗೇ ಕಣ್ಣು ಮಸುಕಾಗಿತ್ತು. ಕಣ್ಣಿಗೆ ಪೊರೆ ಬಂದಿದೆ, ಪೊರೆ ಮಾಗಬೇಕು, ಮಾಗಿದ ಮೇಲೆ ತೆಗೆಸಬೇಕು, ಮಾಗದ ಪೊರೆಗೆ ಕೈ ಹಾಕಬಾರದು ಅಂತ ನಮ್ಮ ಕಡೆ ಹೇಳುತ್ತಿದ್ದರು. ಎರಡು ವರ್ಷ ಮಾಗಲು ಬಿಟ್ಟೇ ತೆಗೆಸಿದ್ದೆವು, ಅತ್ತೆಗೆ ಕಣ್ಣು ಬಂದಿತ್ತು. ಅದೇ ಲೆಕ್ಕ ಹಾಕಿದೆ. ಅದಲ್ಲದೆ ಆ ಮನುಷ್ಯನಿಗೆ ಇರುವುದು ಒಂದು ಪುಸ್ತಕ. ಅದರಲ್ಲಿ ನೀನು ಬರೆಯುವುದು ತಪ್ಪು ಅಂತ ಒಂದು ಮಗುವಿನ ಬಾಯಲ್ಲಿ ಹೇಳಿಸುವುದೇ ಅನ್ನಿಸಿತು. ಅನ್ನಿಸಿತು ಅಷ್ಟೇ.

“ಪೊರೆ ಕಣೇ, ವಯಸ್ಸಾದೋರಿಗೆ ಬರುತ್ತೆ. ಮಾಗ್ಲಿ, ಆಮೇಲೆ ನಿಮ್ಮಪ್ಪ ಕರ್ಕೊಂಡ್ ಹೋಗ್ತಾನೆ. ಈಗ್ಲೇ ಹೇಳಿ ನೋಯಿಸ್ಬೇಡ. ಅವರು ಏನ್ ಓದಿದ್ರೂ ಅದೇ ತಾತ ಅನ್ನು.”

ಮಗು ನನ್ನ ಮಾತು ಕೇಳಿತು. ದಿನಾ ಬೆಳಿಗ್ಗೆ, ದಿನಾ ಸಂಜೆ “ಅದೇ ತಾತ” ಅಂದಿತು. ಯುಗಾದಿ ಕಳೆಯಿತು, ಪರೀಕ್ಷೆ ಮುಗಿಯಿತು, ಬೇಸಿಗೆ ರಜೆ ಬಂತು. ಮಹಡಿಯ ಮೇಲೆ ಇಬ್ಬರೂ ಜಗಳವಾಡುವ ಸದ್ದು ನಿಂತೇ ಹೋಗಿತ್ತು. ನಾನು ಅದನ್ನು ಗಮನಿಸಿದೆ, ಆದರೂ ಸುಮ್ಮನಿದ್ದೆ.

ಒಂದು ದಿನ ನಾನು ಟೆರೇಸಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಅರಳು ಸಂಡಿಗೆ ಇಡುತ್ತಿದ್ದೆ. ಏಳೂವರೆ. ಆಕಾಶ ತೊಳೆದಿಟ್ಟ ಹಾಗಿತ್ತು. ಅವರು ಬರೆದು ಓದಿದರು. “ಬೆಟ್ಟ ಇಲ್ಲ. ತೋಪು ಇಲ್ಲ. ಟ್ಯಾಂಕು ಮಸುಕು. ಮಂಜು.” ಆಮೇಲೆ ತಿರುಗಿ, “ನಿಂದು?” ಅಂದರು.

ಅವಳು ತನ್ನ ಪುಸ್ತಕ ಮುಚ್ಚಿ ಎದೆಗೆ ಹಿಡಿದುಕೊಂಡಳು.

“ನಿಂದು ಏನಮ್ಮ?”

“ಬೇರೆ ತಾತ.”

“ಏನ್ ಬೇರೆ?”

“ಬೆಟ್ಟ ಕಾಣ್ತಿದೆ. ದಿನಾ ಕಾಣ್ತಿತ್ತು ತಾತ.” ಅಳು ಬಂದುಬಿಟ್ಟಿತು ಅವಳಿಗೆ.

ಅವರು ಕುರ್ಚಿ ತಡವಿಕೊಂಡು ಕೂತರು. “ಅಳ್ಬೇಡ. ನಿನ್ನ ಪುಸ್ತಕ ಓದು. ತಾರೀಖಿನ ಸಮೇತ ಓದು.”

ಅವಳು ಓದಿದಳು. ಬಾಯಲ್ಲಿ ಅದೇ ಅಂದಿದ್ದವಳು ಪುಸ್ತಕದಲ್ಲಿ ಒಂದು ದಿನವೂ ಸುಳ್ಳು ಬರೆದಿರಲಿಲ್ಲ. ಬೆಟ್ಟ ಕಾಣುತ್ತದೆ, ಬೆಟ್ಟ ಕಾಣುತ್ತದೆ, ಬೆಟ್ಟ ಕಾಣುತ್ತದೆ. ಶಿವರಾತ್ರಿಯ ವಾರದಿಂದ ಅವತ್ತಿನವರೆಗೆ ಓದಲು ಬಹಳ ಹೊತ್ತು ಹಿಡಿಯಿತು. ನನ್ನ ಕೈಯಲ್ಲಿದ್ದ ಸಂಡಿಗೆ ಹಿಟ್ಟು ಬೆರಳಿಗೆ ಒಣಗಿಕೊಂಡಿತು.

“ಯಾಕಮ್ಮ ಹೇಳ್ಲಿಲ್ಲ?” ಅಂದರು. ಸಿಟ್ಟಿರಲಿಲ್ಲ.

ಮೊಮ್ಮಗಳ ಕಣ್ಣು ಒಂದು ಸಲ ನನ್ನ ಮುಖಕ್ಕೆ ಬಂತು, ನೆಲಕ್ಕೆ ಹೋಯಿತು. ಅವಳು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಎದುರಿಗೇ ಕೂತಿದ್ದೆ. ನಾನು ಅಂತ ಒಂದು ಮಾತು ಸಾಕಿತ್ತು.

“ಸರಿ, ಇವತ್ತು ಹೇಳಿದ್ಯಲ್ಲ. ನನ್ನ ಪುಸ್ತಕ ತಗೋ, ನೀನೇ ಬರಿ. ತಿದ್ದಿದ ವರದಿ. ಮಂಜು ಊರಲ್ಲಿ ಇರ್ಲಿಲ್ಲ, ನೋಡೋನ ಕಣ್ಣಲ್ಲಿತ್ತು.”

ಅವತ್ತೇ ಮಗ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಪೊರೆ ಅಲ್ಲವಂತೆ. ಕಣ್ಣೊಳಗೆ ಒತ್ತಡ ಏರಿ ನರ ಒಣಗುವ ಕಾಯಿಲೆಯಂತೆ. ಒಣಗಿದ್ದು ಮತ್ತೆ ಬರುವುದಿಲ್ಲವಂತೆ. ಎರಡು ಮೂರು ತಿಂಗಳ ಮುಂಚೆ ಬಂದಿದ್ದರೆ ಇನ್ನೂ ಎಷ್ಟೋ ಉಳಿಸಬಹುದಿತ್ತು ಅಂದರಂತೆ ಡಾಕ್ಟರು. ಮಗ ಇದನ್ನು ಹೇಳುವಾಗ ನಾನು ಅಕ್ಕಿ ತೊಳೆಯುತ್ತಿದ್ದೆ. ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದೆ.

ಅವರು ಮಾತ್ರ ಮೆಟ್ಟಿಲು ಹತ್ತುತ್ತ, “ಜೀವಮಾನವೆಲ್ಲ ಗಾಳಿ ಒತ್ತಡ ಅಳೆದೋನಿಗೆ ತನ್ನ ಕಣ್ಣಿನ ಒತ್ತಡ ಗೊತ್ತಾಗ್ಲಿಲ್ಲ ನೋಡಿ ಅಮ್ಮ” ಅಂತ ನಕ್ಕರು. ವರ್ಷ ತುಂಬುವುದರೊಳಗೆ ಬೆಳಕು ಕತ್ತಲು ಬಿಟ್ಟರೆ ಬೇರೇನೂ ಕಾಣದ ಹಾಗಾಯಿತು.

ಆಮೇಲೆ ಮೊಮ್ಮಗಳೇ ಅವರ ಕಣ್ಣು. ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ ಅವರ ಕೈ ಹಿಡಿದು ಟೆರೇಸಿಗೆ ಹತ್ತಿಸುತ್ತಿದ್ದಳು. ಗಾಳಿ ಯಾವ ಕಿವಿಗೆ ತಾಗುತ್ತದೆ ಅನ್ನುವುದರ ಮೇಲೆ ದಿಕ್ಕನ್ನು ಅವರೇ ಹೇಳುವರು. ಮೋಡ, ನೋಟ ಅವಳದು. “ಬೆಟ್ಟ ಕಾಣುತ್ತಾ, ಪುಟ್ಟಿ?” ಅಂದರೆ ಅವಳು ಹೌದು ಅಥವಾ ಇಲ್ಲ ಅನ್ನಬೇಕು. ಸ್ವಲ್ಪ ಸ್ವಲ್ಪ ಕಾಣೋ ಹಾಗಿದೆ ಅಂದರೆ ಮುಗಿಯಿತು, “ಅನ್ನಿಸ್ತಾ, ಕಾಣ್ತಾ?” ಮೋಡಗಳ ಹೆಸರು, ಎತ್ತರ ಅಂದಾಜು ಮಾಡುವ ಬಗೆ, ವರದಿಯ ಗುಟ್ಟಿನ ಅಕ್ಷರಗಳು ಎಲ್ಲ ಕಲಿಸಿದರು. ಅವಳು ಸೈನ್ಸ್ ತೆಗೆದುಕೊಂಡಳು, ಡಿಗ್ರಿ ಮಾಡಿದಳು, ಪರೀಕ್ಷೆ ಕಟ್ಟಿ ಪಾಸಾದಳು. ಟ್ರೈನಿಂಗಿಗೆ ದೂರದ ಊರಿಗೆ ಹೊರಡುವ ದಿನ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, “ಇನ್ನು ನಿಮಗೆ ಯಾರು ಹೇಳ್ತಾರೆ ತಾತ?” ಅಂದಳು.

“ನಿಮ್ಮಜ್ಜಿ ಇದಾರಲ್ಲ. ಅವರು ನನಗಿಂತ ಸೀನಿಯರ್.”

ನಾನು ಅವಳ ಬ್ಯಾಗು ಎತ್ತಿಕೊಂಡು ಮುಂದಾಗಿ ಮೆಟ್ಟಿಲು ಇಳಿದುಬಿಟ್ಟೆ.

ಅವಳು ಹೋದ ಮೇಲೆ ಅವರ ಮೈಯೂ ಇಳಿಯಿತು. ಎದೆಯಲ್ಲಿ ಶಕ್ತಿಯಿಲ್ಲ, ಮೆಟ್ಟಿಲು ಹತ್ತಬಾರದು ಅಂದರು ಡಾಕ್ಟರು. ಮಹಡಿಯ ಅವರ ರೂಮಿನಲ್ಲೇ ಕಿಟಕಿಯ ಪಕ್ಕ ಮಂಚ ಹಾಕಿದೆವು. ನಾನು ಬೆಳಿಗ್ಗೆ, ಸಂಜೆ ಟೆರೇಸಿಗೆ ಹೋಗಿ ನೋಡಿ ಬಂದು ಹೇಳುವುದು, ಅವಳು ಬಿಟ್ಟುಹೋದ ಪುಸ್ತಕದಲ್ಲಿ ನನ್ನ ಸೊಟ್ಟ ಅಕ್ಷರದಲ್ಲಿ ಬರೆಯುವುದು. ಅಷ್ಟು ಹೊತ್ತಿಗೆ ಪಶ್ಚಿಮಕ್ಕೆ ಒಂದು ಅಪಾರ್ಟ್‌ಮೆಂಟ್ ಎದ್ದು ಅರ್ಧ ಬೆಟ್ಟವನ್ನು ಮುಚ್ಚಿತ್ತು. “ಅರ್ಧ ಸಾಕು ಅಮ್ಮ. ಬೆಟ್ಟಕ್ಕೇನು, ಅರ್ಧ ಕಂಡ್ರೂ ಬೆಟ್ಟವೇ” ಅಂದಿದ್ದರು.

ಆ ಮಳೆಗಾಲದಲ್ಲಿ ಒಂದು ದಿನ ಅವರಿಗೆ ಗಂಜಿ ಕುಡಿಸುತ್ತಿದ್ದೆ. ಚಮಚ ಕೆಳಗಿಟ್ಟು ಹೇಳಿದೆ.

“ಸಾರ್, ಅವತ್ತು ಮಗೂಗೆ ಹೇಳ್ಬೇಡ ಅಂದಿದ್ದು ನಾನು. ಪೊರೆ ಮಾಗ್ಲಿ ಅಂತ ಮೂರು ತಿಂಗಳು ಅವಳ ಬಾಯಿ ಕಟ್ಟಿದ್ದೆ. ನಿಮ್ಮ ಕಣ್ಣು ಕಳೆದೋಳು ನಾನು.”

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

“ಗೊತ್ತಿತ್ತು ಅಮ್ಮ. ಅವಳು ತಾನಾಗೇ ಅಷ್ಟು ದಿನ ತಡ್ಕೊಳ್ಳೋ ಹುಡುಗಿ ಅಲ್ಲ. ಯಾರೋ ಕರುಣೆ ಇರೋರು ಹೇಳಿರ್ಬೇಕು ಅಂತ ಅವತ್ತೇ ಗೊತ್ತಾಯ್ತು. ಮನೇಲಿ ಅಂಥೋರು ಯಾರಿದಾರೆ, ನೀವೇ.”

“ಮತ್ತೆ ಯಾಕ್ ಕೇಳ್ಲಿಲ್ಲ ಸಾರ್? ಹನ್ನೊಂದು ವರ್ಷ.”

“ನೀವು ಹೇಳ್ಲಿ ಅಂತ ಕಾದೆ.” ಆಮೇಲೆ ನಿಧಾನವಾಗಿ, “ಅವತ್ತು ನಾನೂ ಟೀ ಆರುತ್ತೆ ಅಂತ ಹೊರಗೆ ಹೋಗ್ಲಿಲ್ಲ. ನಿಮ್ಮದು ಅದಕ್ಕಿಂತ ವಾಸಿ ಕಾರಣ. ತಿದ್ದಿದ ವರದಿ ತಡವಾಗಿ ಬಂದ್ರೂ ತಗೋತೀವಿ ಅಮ್ಮ. ಹಳೇದನ್ನ ಹರಿದು ಹಾಕಲ್ಲ. ಎರಡೂ ಪುಸ್ತಕದಲ್ಲಿ ಇರುತ್ತೆ.”

ಕ್ಷಮಿಸಿದೆ ಅಂತ ಅನ್ನಲಿಲ್ಲ ಅವರು. ಆದರೆ ಬಾಯಿ ತೆರೆದರು. ಉಳಿದ ಗಂಜಿ ಕುಡಿಸಿದೆ.

ಅದಾಗಿ ಒಂಬತ್ತು ಹತ್ತು ದಿನ. ಬೆಳಗಿನಿಂದಲೇ ಅವರ ಉಸಿರು ಸರಿಯಿರಲಿಲ್ಲ. ಡಾಕ್ಟರನ್ನು ಕರೆತರಲು ಮಗ ಹೋಗಿದ್ದ. ಅವರು ಕಣ್ಣು ಮುಚ್ಚಿಕೊಂಡೇ, “ಏಳೂವರೆ ಆಯ್ತಾ ಅಮ್ಮ?” ಅಂದರು. ಆಗಿತ್ತು. ಕೊಡೆ ಹಿಡಿದು ಟೆರೇಸಿಗೆ ಹೋದೆ. ಜಿಟಿ ಮಳೆ. ಬೇವಿನ ಮರ ಇತ್ತು. ಟ್ಯಾಂಕು ಬೂದಿ ಬಣ್ಣದಲ್ಲಿ ಇತ್ತೋ ಇಲ್ಲವೋ ಅನ್ನುವ ಹಾಗಿತ್ತು, ನಿಂತು ನೋಡಿದೆ, ಇತ್ತು. ತೋಪು ಇರಲಿಲ್ಲ. ಅಪಾರ್ಟ್‌ಮೆಂಟಿನ ಪಕ್ಕ ಅರ್ಧ ಬೆಟ್ಟ ಇರಬೇಕಾದ ಕಡೆ ಬರೀ ಮೋಡ.

ಇಳಿದು ಬರುವಾಗ ಒಂದೊಂದು ಮೆಟ್ಟಿಲಿಗೂ ಅನ್ನಿಸುತ್ತಿತ್ತು, ಕಾಣುತ್ತೆ ಅಂದುಬಿಡೋಣ. ಹೋಗುವ ಜೀವ, ಕಿವಿಗಾದರೂ ಒಂದು ಬೆಟ್ಟ ಬೀಳಲಿ. ಅದೇ ಹಳೆಯ ಕರುಣೆ ಮತ್ತೆ ನಾಲಿಗೆಯ ತುದಿಗೆ ಬಂದು ಕೂತಿತ್ತು.

“ಬೆಟ್ಟ?” ಅಂದರು.

“ಕಾಣಲ್ಲ ಸಾರ್.”

“ಅನ್ನಿಸ್ತಾ?”

“ಇಲ್ಲ ಸಾರ್. ನೋಡ್ದೆ. ನಿಂತು ನೋಡ್ದೆ. ಟ್ಯಾಂಕಿನ ತನಕ ಇದೆ, ಅದರಾಚೆ ಇಲ್ಲ.”

“ಬರ್ಕೊಳ್ಳಿ” ಅಂದರು. ನಾನು ಬರೆಯುವ ಸದ್ದು ನಿಲ್ಲುವವರೆಗೆ ಕಿವಿ ಕೊಟ್ಟಿದ್ದರು. ಆಮೇಲೆ ಅವರ ಮುಖ ಸಡಿಲವಾಯಿತು. ಎರಡೂ ಕಣ್ಣಿನ ಪಕ್ಕದಲ್ಲಿ ಮೂರು ಮೂರು ಬಿಳಿ ಗೆರೆ ತೆರೆದುಕೊಂಡವು. ನಿದ್ದೆ ಅಂದುಕೊಂಡೆ. ಡಾಕ್ಟರು ಬಂದು ನೋಡಿ ಅಲ್ಲ ಅಂದರು.

ಮೊಮ್ಮಗಳು ರೈಲಿನಲ್ಲಿದ್ದಳು, ಮುಖ ನೋಡಲು ಸಿಗಲಿಲ್ಲ. ಮಧ್ಯಾಹ್ನವೇ ನನ್ನ ಮಗ ಅವರಿಗೆ ಕೊಳ್ಳಿ ಇಟ್ಟು ಬಂದ. ಮನೆ ತೊಳೆದು, ಸ್ನಾನ ಮಾಡಿ, ಮಹಡಿಯಲ್ಲಿ ಒಂದು ದೀಪ ಹಚ್ಚಿಟ್ಟು ಸುಮ್ಮನೆ ಕೂತಿದ್ದೆ. ಗಡಿಯಾರ ನೋಡಿದರೆ ಐದೂವರೆ. ಕಾಲು ತಾನಾಗಿ ಟೆರೇಸಿಗೆ ಹತ್ತಿತು. ಮಳೆ ನಿಂತಿತ್ತು. ಮೊಮ್ಮಗಳು ವರ್ಷ ವರ್ಷ ತಿದ್ದಿ ಉಳಿಸಿದ್ದ ಪೆನ್ಸಿಲ್ ಬಾಣಗಳು ನೆನೆದು ಕಪ್ಪಗಾಗಿದ್ದವು. ಕೆರೆಗೆ ಕೊಕ್ಕರೆಗಳು ಗಾಳಿಗೆ ಮುಖ ಮಾಡಿ ಇಳಿಯುತ್ತಿದ್ದವು. ಬೇವಿನ ಮರ, ಟ್ಯಾಂಕು, ತೋಪು. ಅದರಾಚೆ ತೊಳೆದ ಹಾಗೆ ಅರ್ಧ ಬೆಟ್ಟ. ಬಹಳ ಹೊತ್ತು ನಿಂತು ನೋಡಿದೆ.

ಕೆಳಗೆ ಬಂದು ಕೇಳುವವರಿಲ್ಲದ ಆ ರೂಮಿನಲ್ಲಿ ಕೂತು ಬರೆದೆ. ಸಂಜೆ ಐದೂವರೆ. ಬೆಟ್ಟ ಕಾಣುತ್ತದೆ.